ಎಣಿಕೆ, ಎನ್ನಿಕ ಮತ್ತು ಎರಡು ಕ್ಯಾಲ್ಕುಲೇಟರುಗಳು

ಚುನಾವಣೆಯ ಫಲಿತಾಂಶದ ದಿನಗಳಲ್ಲಿ ಹುಟ್ಟುವ ವಿನೋದಗಳು ಬಹುಮಟ್ಟಿಗೆ ಅಭ್ಯರ್ಥಿಗಳನ್ನು ಕುರಿತವು. ಎಣಿಸುವ ಸಾಧನವನ್ನೇ ನಗೆಗೆ ಗುರಿಮಾಡುವ ವಿನೋದಗಳು ವಿರಳ. ಅಂಥದೊಂದನ್ನು ಕರ್ನಾಟಕದ ಗಡಿಗೆ ತಾಗಿದಂತಿರುವ ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗಗಳಲ್ಲಿ ನಡೆದಂತೆ ಕಲ್ಪಿಸಿಕೊಳ್ಳಬಹುದು. ಹಿಂದೂಪುರದಲ್ಲಿ ಒಂದು ಪಕ್ಷದ ಏಜೆಂಟ್ ಕ್ಯಾಸಿಯೊ ಕ್ಯಾಲ್ಕುಲೇಟರಿನಲ್ಲಿ ಮತಗಳನ್ನು ಕೂಡಿ ಗೆಲುವನ್ನು ಘೋಷಿಸುತ್ತಾನೆ. ಎದುರು ಪಕ್ಷದವನು ತನ್ನ ಸಿಟಿಜನ್ ಕ್ಯಾಲ್ಕುಲೇಟರನ್ನು ಎತ್ತಿ ಹಿಡಿದು, “ಪ್ರಜಾಪ್ರಭುತ್ವದಲ್ಲಿ ಸಿಟಿಜನ್ ಹೇಳಿದ್ದೇ ಅಂತಿಮ, ನಿಮ್ಮದು ಪರದೇಶದ ಯಂತ್ರ” ಎಂದು ವಾದಿಸುತ್ತಾನೆ. ಎರಡೂ ಜಪಾನಿನ ಹೆಸರುಗಳೇ ಎಂಬುದು ಇಬ್ಬರಿಗೂ ತಿಳಿಯದು. ಇತ್ತ ಕಲ್ಯಾಣದುರ್ಗದಲ್ಲಿ ಪಕ್ಷೇತರ ಅಭ್ಯರ್ಥಿಯೊಬ್ಬ ಯಾವ ಯಂತ್ರವನ್ನೂ ಮುಟ್ಟದೆ ಕುಳಿತಿರುತ್ತಾನೆ. ಕೇಳಿದರೆ, “ನನಗೆ ಬೆರಳುಗಳೇ ಸಾಕು, ಉಳಿದ ಬೆರಳುಗಳನ್ನು ಏನು ಮಾಡಲಿ ಎಂಬುದಷ್ಟೇ ಚಿಂತೆ” ಎನ್ನುತ್ತಾನೆ.

ಈ ವಿನೋದ ನಗೆ ಹುಟ್ಟಿಸುವುದೇಕೆ? ಅನೌಚಿತ್ಯವೇ ಹಾಸ್ಯಕ್ಕೆ ಕಾರಣವೆಂಬ ಅಭಿನವಗುಪ್ತನ ವಿಚಾರವನ್ನು ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳು ಬಲ್ಲರು. ಪಕ್ಷಭೇದವು ಅಭಿಪ್ರಾಯಕ್ಕೆ ಸಲ್ಲುವ ಗುಣ, ಸಂಕಲನಕ್ಕೆ ಸಲ್ಲುವುದಲ್ಲ. ಎರಡಕ್ಕೆ ಎರಡನ್ನು ಕೂಡಿದರೆ ನಾಲ್ಕಾಗುವ ವಿಷಯದಲ್ಲಿ ಆಡಳಿತಪಕ್ಷ, ವಿರೋಧಪಕ್ಷಗಳೆಂಬ ಭೇದವಿಲ್ಲ. ಪಕ್ಷವಿಲ್ಲದ ವಸ್ತುವಿನ ಮೇಲೆ ಪಕ್ಷವನ್ನು ಹೇರಿದುದೇ ಇಲ್ಲಿನ ಅನೌಚಿತ್ಯ. ಆದರೆ ನಗೆಯ ಕೆಳಗೆ ಒಂದು ನಿಜವಾದ ಪ್ರಶ್ನೆಯೂ ಅಡಗಿದೆ: ಸೋತವನು ಸೋಲನ್ನು ಒಪ್ಪಿಕೊಳ್ಳುವುದು ಯಾವುದರ ಬಲದಿಂದ? ಯಂತ್ರದ ಬಲದಿಂದಲೋ, ಮತ್ತಾವುದರ ಬಲದಿಂದಲೋ?

ಉತ್ತರಕ್ಕೆ ಮೊದಲು ಪದಗಳನ್ನು ನೋಡುವುದು ಲೇಸು. ಕನ್ನಡದ ‘ಎಣಿಸು’ ಧಾತುವಿಗೆ ಎರಡು ಅರ್ಥಗಳಿವೆ. ಒಂದು, ಸಂಖ್ಯೆಯನ್ನು ಲೆಕ್ಕ ಹಾಕುವುದು. ಇನ್ನೊಂದು, ಮನಸ್ಸಿನಲ್ಲಿ ಭಾವಿಸುವುದು. ‘ಹಣ ಎಣಿಸಿದನು’ ಎಂಬಲ್ಲಿ ಮೊದಲನೆಯದು. ‘ತಾನೊಂದು ಎಣಿಸಿದರೆ ದೈವವೊಂದು ಎಣಿಸಿತು’ ಎಂಬ ಗಾದೆಯಲ್ಲಿ ಎರಡನೆಯದು. ತಮಿಳಿನ ‘ಎಣ್ಣು’ ಧಾತುವಿನಲ್ಲಿಯೂ ಈ ಎರಡು ಅರ್ಥಗಳು ಜೊತೆಗೂಡಿವೆ. ತೆಲುಗಿನ ‘ಎನ್ನು’ ಇದೇ ದ್ರಾವಿಡ ಮೂಲದ್ದು. ಅದರಿಂದ ಬಂದ ‘ಎನ್ನಿಕ’ ಎಂಬ ಪದವು ಇಂದು ತೆಲುಗಿನಲ್ಲಿ ಚುನಾವಣೆಗೇ ಹೆಸರಾಗಿದೆ. ಹೀಗೆ ಕನ್ನಡದ ‘ಎಣಿಕೆ’ ಮತ್ತು ತೆಲುಗಿನ ‘ಎನ್ನಿಕ’ ಒಂದೇ ಬಳ್ಳಿಯ ಕಾಯಿಗಳು. ಕನ್ನಡ ತೆಲುಗುಗಳೆರಡೂ ಕಿವಿಗೆ ಬೀಳುವ ಹಿಂದೂಪುರದಂಥ ಊರಿನಲ್ಲಿ ಮತ ಹಾಕುವ ದಿನ ನಡೆಯುವುದು ಎನ್ನಿಕ. ಆ ಮತಗಳನ್ನು ಲೆಕ್ಕ ಹಾಕುವ ದಿನ ನಡೆಯುವುದು ಎಣಿಕೆ. 2024ರಲ್ಲಿ ಎನ್ನಿಕ ಮೇ 13ರಂದು, ಎಣಿಕೆ ಜೂನ್ 4ರಂದು. ನಡುವಿನ ಮೂರು ವಾರಗಳಲ್ಲಿ ಅಭ್ಯರ್ಥಿಗಳು ಮಾಡುತ್ತಿದ್ದುದೂ ಎಣಿಕೆಯೇ, ಆದರೆ ಎರಡನೆಯ ಅರ್ಥದಲ್ಲಿ.

‘ಲೆಕ್ಕ’ ಎಂಬ ಪದದ ಕಥೆ ಬೇರೆ. ಅದನ್ನು ಬರೆಹಕ್ಕೆ ಸಂಬಂಧಿಸಿದ ಸಂಸ್ಕೃತ ಶಬ್ದದ ತದ್ಭವವೆಂದು ಗುರುತಿಸಲಾಗುತ್ತದೆ. ಎಣಿಕೆ ಮನಸ್ಸಿನಲ್ಲಿಯೂ ಇರಬಲ್ಲದು, ಲೆಕ್ಕವಾದರೋ ಬರೆದಿಟ್ಟದ್ದು. ಮತ ಎಣಿಕೆಯ ವ್ಯವಸ್ಥೆ ನಿಂತಿರುವುದು ಈ ಬರೆದಿಟ್ಟ ಲೆಕ್ಕದ ಮೇಲೆ.

ಆ ವ್ಯವಸ್ಥೆಯ ಕ್ರಮ ಹೀಗಿದೆ. ಮತದಾನ ಮುಗಿದ ಸಂಜೆ ಪ್ರತಿ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿದ್ದಿತೆಂಬುದನ್ನು ನಮೂನೆ 17-ಸಿಯ ಮೊದಲನೆಯ ಭಾಗದಲ್ಲಿ ಬರೆದು, ಅದರ ಪ್ರತಿಯನ್ನು ಪಕ್ಷಗಳ ಏಜೆಂಟರಿಗೆ ಕೊಡಲಾಗುತ್ತದೆ. ಯಾರಿಗೆ ಎಷ್ಟು ಎಂಬುದು ಆಗ ಯಾರಿಗೂ ತಿಳಿಯದು. ಒಟ್ಟು ಎಷ್ಟು ಎಂಬುದು ಮಾತ್ರ ಎಲ್ಲರ ಜೇಬಿನಲ್ಲಿರುತ್ತದೆ. ಎಣಿಕೆಯ ದಿನ ಮೊದಲು ಅಂಚೆ ಮತಪತ್ರಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಬಳಿಕ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜುಗಳಂತೆ ಮತಯಂತ್ರಗಳು ಸುತ್ತುಸುತ್ತಾಗಿ ಬರುತ್ತವೆ. ಮೇಲ್ವಿಚಾರಕರು ಫಲಿತಾಂಶದ ಗುಂಡಿಯನ್ನು ಒತ್ತಿದಾಗ ಅಭ್ಯರ್ಥಿವಾರು ಸಂಖ್ಯೆಗಳು ಮೂಡುತ್ತವೆ. ಅವನ್ನು ಏಜೆಂಟರಿಗೆ ತೋರಿಸಿ, ನಮೂನೆ 17-ಸಿಯ ಎರಡನೆಯ ಭಾಗದಲ್ಲಿ ಬರೆದು, ಸಹಿ ಪಡೆಯಲಾಗುತ್ತದೆ. ಅಭ್ಯರ್ಥಿಗಳ ಮತಗಳನ್ನೂ ನೋಟಾವನ್ನೂ ಕೂಡಿದ ಮೊತ್ತವು ಮತದಾನದ ಸಂಜೆ ಬರೆದಿಟ್ಟ ಮೊತ್ತದೊಡನೆ ತಾಳೆಯಾಗಬೇಕು.

ಹೀಗೆ ಬಂದ ಅಂಕಿಗಳೆಲ್ಲ ಕಡೆಗೆ ನಮೂನೆ 20 ಎಂಬ ದೊಡ್ಡ ಕೋಷ್ಟಕವನ್ನು ಸೇರುತ್ತವೆ. ಅದರ ಅಡ್ಡಸಾಲುಗಳಲ್ಲಿ ಮತಗಟ್ಟೆಗಳು, ಉದ್ದಸಾಲುಗಳಲ್ಲಿ ಅಭ್ಯರ್ಥಿಗಳು. ಅಡ್ಡಲಾಗಿ ಕೂಡಿಬಂದ ಮೊತ್ತವೂ ಕೆಳಮುಖವಾಗಿ ಕೂಡಿಬಂದ ಮೊತ್ತವೂ ಮೂಲೆಯ ಒಂದೇ ಮನೆಯಲ್ಲಿ ಸಂಧಿಸಬೇಕು. ಲೋಕಸಭೆಯ ಲೆಕ್ಕವಾದರೆ ಇಂಥ ಏಳು ಕ್ಷೇತ್ರಗಳ ಮೊತ್ತವನ್ನು ಮತ್ತೆ ಕೂಡಬೇಕು. ಹಿಂದೂಪುರ ವಿಧಾನಸಭಾ ಕ್ಷೇತ್ರವು ಮಡಕಶಿರ, ಪೆನುಕೊಂಡ ಮೊದಲಾದವುಗಳೊಡನೆ ಹಿಂದೂಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕಲ್ಯಾಣದುರ್ಗವು ರಾಯದುರ್ಗ, ಉರವಕೊಂಡ ಮೊದಲಾದವುಗಳೊಡನೆ ಅನಂತಪುರ ಲೋಕಸಭಾ ಕ್ಷೇತ್ರಕ್ಕೆ. ಜೊತೆಗೆ, 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದಲೇ ಎಣಿಸುತ್ತಾರೆ. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ನಿಲ್ಲುವುದು ಚೀಟಿಯ ಲೆಕ್ಕ. ಪಕ್ಷೇತರನ ಬೆರಳಿಗೆ ಕಾನೂನು ಕೊಟ್ಟ ಮರ್ಯಾದೆಯಿದು!

ಈ ಕ್ರಮದಲ್ಲಿ ಕ್ಯಾಲ್ಕುಲೇಟರಿನ ಪಾತ್ರ ತೀರ ಕೊನೆಯದು, ತೀರ ಚಿಕ್ಕದು. ಆದರೂ ಎರಡು ಕ್ಯಾಲ್ಕುಲೇಟರುಗಳು ಎಂದಾದರೂ ಭಿನ್ನಮತ ತಾಳುತ್ತವೆಯೇ? ತಾಳುತ್ತವೆ. ಎರಡಕ್ಕೆ ಮೂರನ್ನು ಕೂಡಿ ನಾಲ್ಕರಿಂದ ಗುಣಿಸುವಂತೆ ಒಂದೇ ಉಸಿರಿನಲ್ಲಿ ಗುಂಡಿಗಳನ್ನು ಒತ್ತಿದರೆ ಅಂಗಡಿಯ ಸಾದಾ ಕ್ಯಾಲ್ಕುಲೇಟರ್ 20 ಎನ್ನುತ್ತದೆ. ಗುಣಾಕಾರಕ್ಕೆ ಮೊದಲ ಸ್ಥಾನ ಕೊಡುವ ವಿದ್ಯಾರ್ಥಿಗಳ ಸೈಂಟಿಫಿಕ್ ಕ್ಯಾಲ್ಕುಲೇಟರ್ 14 ಎನ್ನುತ್ತದೆ. ಶೇಕಡಾ ಗುಂಡಿಯ ನಡೆಯೂ ಎಲ್ಲ ಯಂತ್ರಗಳಲ್ಲಿ ಒಂದೇ ರೀತಿಯದಲ್ಲ. ಆದರೆ ಬರಿಯ ಸಂಕಲನದಲ್ಲಿ ಅವೆಲ್ಲವೂ ಅವಿರೋಧ ಆಯ್ಕೆಯ ಸಭೆಯಂತೆ ಏಕಮತದವು. ಮೊತ್ತಗಳು ಬೇರೆಯಾದರೆ ತಪ್ಪಿರುವುದು ಬೆರಳಿನಲ್ಲಿ. ಹಳೆಯ ಲೆಕ್ಕಿಗರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. 418 ಎಂಬುದನ್ನು 481 ಎಂದು ಒತ್ತಿದರೆ ವ್ಯತ್ಯಾಸ 63. ಪಕ್ಕಪಕ್ಕದ ಅಂಕಿಗಳು ಅದಲುಬದಲಾದಾಗಲೆಲ್ಲ ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದುದರಿಂದ ಎರಡು ಮೊತ್ತಗಳ ನಡುವಣ ಅಂತರ 9ರಿಂದ ಭಾಗವಾದರೆ ಮೊದಲು ಹುಡುಕಬೇಕಾದದ್ದು ತಿರುವುಮುರುವಾದ ಅಂಕಿಯನ್ನು, ಪಿತೂರಿಯನ್ನಲ್ಲ.

ನೋಟಾದ ಸ್ಥಿತಿಯೂ ವಿನೋದಕ್ಕೆ ಅರ್ಹವಾದುದೇ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಬಂದ ಈ ಗುಂಡಿಯ ಮತಗಳನ್ನು ಎಣಿಸುತ್ತಾರೆ, ಬರೆಯುತ್ತಾರೆ; ಆದರೆ ಅವು ಯಾರನ್ನೂ ಗೆಲ್ಲಿಸುವುದಿಲ್ಲ. ಠೇವಣಿ ಉಳಿಯಲು ಸಿಂಧುವಾದ ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಕೆಂಬ ಲೆಕ್ಕದಲ್ಲಿಯೂ ಅವು ಸೇರವು. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನೋಟಾಕ್ಕಾಗಿ ತಿರುಗಿಸಿ ‘ಲೆಕ್ಕಕ್ಕುಂಟು ಆಟಕ್ಕಿಲ್ಲ’ ಎನ್ನಬೇಕಾಗುತ್ತದೆ.

ಅಂತರ ದೊಡ್ಡದಾಗಿದ್ದಾಗ ಈ ಸೂಕ್ಷ್ಮಗಳೆಲ್ಲ ಅನಗತ್ಯವೆನಿಸಬಹುದು. ಅಂತರ ಕಿರಿದಾದಾಗ ಅವುಗಳ ಬೆಲೆ ತಿಳಿಯುತ್ತದೆ. 2004ರಲ್ಲಿ ಕರ್ನಾಟಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ತಡರಾತ್ರಿಯವರೆಗೆ ನಡೆದ ಮರುಎಣಿಕೆಯ ಬಳಿಕ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ವಿರುದ್ಧ ಗೆದ್ದದ್ದು 16 ಮತಗಳಿಂದ. ಇಂಥ ಸಂದರ್ಭಕ್ಕಾಗಿಯೇ 1961ರ ಚುನಾವಣಾ ನಿರ್ವಹಣಾ ನಿಯಮಗಳ 63ನೆಯ ನಿಯಮವಿದೆ. ಮೊತ್ತವನ್ನು ಪ್ರಕಟಿಸಿದ ಕೂಡಲೇ ಅಭ್ಯರ್ಥಿಯು ಕಾರಣಗಳನ್ನು ಬರೆದುಕೊಟ್ಟು ಮರುಎಣಿಕೆಯನ್ನು ಕೇಳಬಹುದು. ಚುನಾವಣಾಧಿಕಾರಿಯು ಅದನ್ನು ಒಪ್ಪಬಹುದು, ಒಪ್ಪದಿರಬಹುದು. ಒಪ್ಪದಿದ್ದರೆ ಕಾರಣವನ್ನು ಬರೆಯಲೇಬೇಕು. ಮತಗಳು ಸಮಸಮವಾದರೆ 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 65ನೆಯ ಪ್ರಕರಣದಂತೆ ಚೀಟಿ ಎತ್ತುತ್ತಾರೆ. ಅಲ್ಲಿಗೆ ಎಲ್ಲ ಕಂಪನಿಗಳ ಕ್ಯಾಲ್ಕುಲೇಟರುಗಳೂ ಮೌನ.

ಎಣಿಕೆಯ ವಿಲಾಸವನ್ನು ಅರಿಯಲು ಹಿಂದೂಪುರದ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅನಂತಪುರ ಜಿಲ್ಲೆಯಲ್ಲಿ ಹುಟ್ಟಿದ ನೀಲಂ ಸಂಜೀವ ರೆಡ್ಡಿ ಅವರು 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಸಭಾಧ್ಯಕ್ಷರಾದರು. 1969ರಲ್ಲಿ ಆ ಸ್ಥಾನವನ್ನು ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು. ಅಲ್ಲಿ ಎಣಿಕೆ ಬರಿಯ ಸಂಕಲನವಲ್ಲ. ಮತಗಳಿಗೆ ಮೌಲ್ಯವಿದೆ, ಮತದಾರರ ಪ್ರಾಶಸ್ತ್ಯಗಳಿಗೆ ಕ್ರಮವಿದೆ. ಮೊದಲ ಪ್ರಾಶಸ್ತ್ಯದಲ್ಲಿ ವಿ.ವಿ. ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಬಂದವು. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ಬರಲಿಲ್ಲ. ಹಿಂದುಳಿದವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯಗಳನ್ನು ಹಂಚಿದಾಗ ರೆಡ್ಡಿ ಅವರಿಗೆ 91,879 ಸೇರಿದರೆ, ಗಿರಿ ಅವರಿಗೆ ಸೇರಿದ್ದು 18,562 ಮಾತ್ರ. ಆದರೂ 4,20,077ಕ್ಕೆ ಏರಿದ ಗಿರಿ ಅವರು ಗೆದ್ದರು. ರೆಡ್ಡಿ ಅವರು 4,05,427ಕ್ಕೆ ನಿಂತರು. ಎರಡನೆಯ ಲೆಕ್ಕದಲ್ಲಿ ಐದು ಪಾಲಿಗೆ ಹತ್ತಿರವಾಗಿ ಗಳಿಸಿದವರು ಒಟ್ಟು ಲೆಕ್ಕದಲ್ಲಿ ಸೋತರು. ಎಂಟು ವರ್ಷಗಳ ಬಳಿಕ, 1977ರಲ್ಲಿ, ಉಳಿದ ನಾಮಪತ್ರಗಳೆಲ್ಲ ತಿರಸ್ಕೃತವಾಗಿ ಅದೇ ರೆಡ್ಡಿ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅಂದು ಎಣಿಸಲು ಒಂದು ಮತವೂ ಇರಲಿಲ್ಲ.

ಎರಡು ಕ್ಯಾಲ್ಕುಲೇಟರುಗಳ ವಿನೋದವು ನಗುವುದು ಸೋತವನನ್ನಲ್ಲ. ತನ್ನ ಮನಸ್ಸಿನ ಎಣಿಕೆಯನ್ನೇ ಮೇಜಿನ ಮೇಲಿನ ಎಣಿಕೆಯೆಂದು ಭ್ರಮಿಸುವ ಮನುಷ್ಯಸ್ವಭಾವವನ್ನು. ಆ ಸ್ವಭಾವ ಗೆದ್ದವನಲ್ಲಿಯೂ ಇದೆ. ಅದು ನಿಜವಾದುದರಿಂದ ಅವನಿಗೆ ಕಾಣಿಸುವುದಿಲ್ಲ, ಅಷ್ಟೆ. ಕಾನೂನು ಈ ಸ್ವಭಾವವನ್ನು ಗದರಿಸದೆ, ಅದಕ್ಕೊಂದು ಕುರ್ಚಿ, ಒಂದು ನಮೂನೆಯ ಪ್ರತಿ, ಸಹಿ ಹಾಕಲು ಒಂದು ಜಾಗ, ಮತ್ತೊಮ್ಮೆ ಕೇಳಲು ಒಂದು ಹಕ್ಕು ಕೊಟ್ಟಿದೆ. ಕಲ್ಪನೆಯ ಹಿಂದೂಪುರದ ಏಜೆಂಟನು ತನ್ನ ಸಿಟಿಜನ್ನನ್ನೇ ನಂಬಲಿ, ಚಿಂತೆಯಿಲ್ಲ. ಎರಡು ಯಂತ್ರಗಳಿಗೂ ಒತ್ತುವ ಅಂಕಿಗಳು ಅವನ ಕಣ್ಣೆದುರು ಬರೆದವು, ಅವನ ಸಹಿ ಬಿದ್ದವು. ಆ ಕಾಗದವಿರುವವರೆಗೆ ಯಾರ ಕ್ಯಾಲ್ಕುಲೇಟರ್ ಯಾವ ಕಂಪನಿಯದೆಂಬುದು ನಗೆಯ ವಿಷಯವಾಗಿಯೇ ಉಳಿಯುತ್ತದೆ, ಜಗಳದ ವಿಷಯವಾಗುವುದಿಲ್ಲ.