ಮರಕ್ಕೆ ಅಗಸೆ ಎಣ್ಣೆ: ಒಲೆ ಬೇಡ, ಬಿಸಿಲು ಸಾಕು

ಬಾಳೂರಿನಂಥ ಮಲೆನಾಡಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಮರದ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಬಿಗಿಯುತ್ತವೆ. ಮರ ನೀರು ಹೀರುವುದನ್ನು ತಕ್ಕಮಟ್ಟಿಗೆ ತಡೆಯುವ ಹಳೆಯ ಉಪಾಯ ಅಗಸೆ ಎಣ್ಣೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ. ತೆಂಗಿನೆಣ್ಣೆಯಂತೆ ಜಿಡ್ಡಾಗಿ ಉಳಿಯದೆ, ಇದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ.

ಹಸಿ ಎಣ್ಣೆ ಒಣಗಲು ವಾರಗಳೇ ಬೇಕಾಗಬಹುದು. ಬೇಗ ಒಣಗಲೆಂದು ಹಿಂದೆ ಸೀಸದ ಆಕ್ಸೈಡ್ ಬೆರೆಸಿ ಕುದಿಸುತ್ತಿದ್ದರು. ಸೀಸವು ಮಕ್ಕಳ ಮಿದುಳಿಗೆ ವಿಷ. ಕಾದ ಎಣ್ಣೆಗೆ ಬೆಂಕಿ ಹತ್ತುವ ಭಯ ಬೇರೆ. ಅಂಗಡಿಯ ‘ಬಾಯ್ಲ್ಡ್’ ಎಣ್ಣೆಯಲ್ಲಿ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣವಿರುತ್ತದೆ. ಅದನ್ನು ಮರದ ಸೌಟಿಗೆ ಹಚ್ಚಬಾರದು.

ಮನೆಯಲ್ಲಿ ಮಾಡುವುದಾದರೆ ಫೆಬ್ರವರಿ, ಮಾರ್ಚ್ ಬಿಸಿಲೇ ಒಳ್ಳೆಯದು. ಗಾಣದ ಎಣ್ಣೆಯನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ತೆಳುಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನವೂ ಕಲಕಿ. ಕೆಲವು ವಾರಗಳಲ್ಲಿ ಜೇನಿನಂತೆ ಮಂದವಾಗುತ್ತದೆ. ತುಸು ಟರ್ಪೆಂಟೈನ್ ಬೆರೆಸಿ, ಉಜ್ಜಿ ಒಣಗಿಸಿದ ಮರಕ್ಕೆ ಹಚ್ಚಿರಿ. ಕಾಲು ಗಂಟೆಯ ನಂತರ ಹೆಚ್ಚಿನ ಎಣ್ಣೆಯನ್ನು ಒರೆಸಿಬಿಡಿ. ದಪ್ಪಗೆ ಬಿಟ್ಟರೆ ಅಂಟಂಟಾಗಿಯೇ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ, ಹೀಗೆ ಮೂರು ಸಲ ಹಚ್ಚಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಒರೆಸಿದ ಬಟ್ಟೆ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದುರಿ ಎಸೆದ ಬಟ್ಟೆಯೊಳಗೆ ಆ ಶಾಖ ಕೂಡಿ, ಕಡ್ಡಿ ಗೀರದೆಯೇ ಬೆಂಕಿ ಏಳಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಕಟ್ಟಡ ಹೊತ್ತಿ ಮೂವರು ಅಗ್ನಿಶಾಮಕರು ಸತ್ತದ್ದು ಇಂಥ ಬಟ್ಟೆಗಳಿಂದಲೇ. ಆದ್ದರಿಂದ ಬಟ್ಟೆಯನ್ನು ಕೂಡಲೇ ನೀರಲ್ಲಿ ಮುಳುಗಿಸಿ, ಇಲ್ಲವೇ ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಒಣಹಾಕಿ. ಕೆಲಸಕ್ಕೆ ಬಂದ ಬಡಗಿಗೂ ಇದನ್ನು ಹೇಳಿಡಿ.