ಹೊಲಿಗೆ ಒಣಗಿದೆ, ಒಳಗೆ?

“ಎರಡೂ ಬೆನ್ನುಬೆನ್ನಿಗೆ ಆಗಿಬಿಡಲಿ ಕಣೆ, ಬಾಣಂತನದ ರಗಳೆ ಒಂದೇ ಸಲಕ್ಕೆ ಮುಗಿಯುತ್ತೆ.” ತವರಿಗೆ ಬಂದ ಬಾಣಂತಿಗೆ ಈ ಮಾತು ಕಷಾಯದಷ್ಟೇ ಧಾರಾಳವಾಗಿ ಸಿಗುತ್ತದೆ. ಎಣ್ಣೆನೀರು, ತೊಟ್ಟಿಲು, ಆರೈಕೆ ಮಾಡುವ ಅಮ್ಮನ ವಯಸ್ಸು ಎಲ್ಲವೂ ಈ ಲೆಕ್ಕದಲ್ಲಿವೆ. ಗರ್ಭಕೋಶ ಮಾತ್ರ ಇಲ್ಲ.

ಹೆರಿಗೆಯಾದ ಆರು ತಿಂಗಳೊಳಗೆ ಮತ್ತೆ ಬಸಿರಾದವರಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂರುವುದು, ದಿನ ತುಂಬುವ ಮೊದಲೇ ಕಳಚಿಕೊಳ್ಳುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಬೇಗ ಬಸಿರಾದವರಿಗೆಲ್ಲ ಹೀಗಾಗುತ್ತದೆಂದು ಹೆದರಬೇಕಿಲ್ಲ, ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಆದರೂ ಕನಿಷ್ಠ 24 ತಿಂಗಳು ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಹೆರಿಗೆಯಿಂದ ಮುಂದಿನ ಬಸಿರಿನವರೆಗಿನ ಲೆಕ್ಕ. ಮಕ್ಕಳ ಹುಟ್ಟುಹಬ್ಬ ಎಣಿಸಿ “ಎರಡು ವರ್ಷ ಅಂತರ ಇದೆಯಲ್ಲ” ಎನ್ನುವವರು ಹೊತ್ತ ಒಂಬತ್ತು ತಿಂಗಳನ್ನು ಮರೆತಿರುತ್ತಾರೆ. ಅಲ್ಲಿ ಸಿಕ್ಕ ಬಿಡುವು ಹದಿನೈದೇ ತಿಂಗಳು.

ಸಿಸೇರಿಯನ್ ಆದವರದ್ದು ಇನ್ನೊಂದು ಕಥೆ. ಹೊಟ್ಟೆಯ ಮೇಲಿನ ಹೊಲಿಗೆ ಕೆಲವು ವಾರಗಳಲ್ಲಿ ಒಣಗುತ್ತದೆ, ಗರ್ಭಕೋಶದ ಗಾಯ ಮಾಗಲು ತಿಂಗಳುಗಳೇ ಬೇಕು. ಅದು ಗಟ್ಟಿಯಾಗುವ ಮುನ್ನ ಮತ್ತೆ ಬಸಿರಾದರೆ ನೋವು ತಿನ್ನುವಾಗ ಹಳೆಯ ಗಾಯ ಬಿರಿಯುವ ಅಪಾಯ ಹೆಚ್ಚು. ಹಾಗಾದರೆ ಐದು ವರ್ಷ ಬಿಟ್ಟವರು ನಿಶ್ಚಿಂತರೇ? ಇಲ್ಲ. ಕಲೆ ಅಲ್ಲೇ ಇರುತ್ತದೆ. ಮಾಸು ಬಂದು ಆ ಕಲೆಯ ಮೇಲೆ ಕೂತರೆ ಸ್ನಾಯುವಿನೊಳಕ್ಕೇ ಬೇರಿಳಿಸಬಹುದು, ಹೆರಿಗೆಯ ನಂತರ ಬಿಡಿಸಲು ಹೋದರೆ ರಕ್ತ ಧಾರೆಯಾಗಿ ಹರಿಯುತ್ತದೆ. ಇಲ್ಲಿ ವರ್ಷಗಳಿಗಿಂತ ಆಪರೇಷನ್ನುಗಳ ಸಂಖ್ಯೆಯೇ ಮುಖ್ಯ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಾಸು ಅಡ್ಡ ಕೂತವರ ಪೈಕಿ ಮೊದಲ ಸಿಸೇರಿಯನ್‌ನಲ್ಲಿ ನೂರಕ್ಕೆ 3 ಮಂದಿಗೆ ಹೀಗೆ ಬೇರಿಳಿದಿತ್ತು. ಎರಡನೆಯದರಲ್ಲಿ 11, ಮೂರನೆಯದರಲ್ಲಿ 40.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ “ಮಾಸು ಕೆಳಗಿದೆ” ಎಂದೊಡನೆ ಬಸುರಿಯನ್ನು ಮಂಚಕ್ಕೆ ಕಟ್ಟಿಹಾಕುವ ಮನೆಗಳಿವೆ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಬಾಯಿಯಿಂದ ದೂರ ಸರಿಯುತ್ತದೆ, ಎಂಟನೇ ತಿಂಗಳ ಹೊತ್ತಿಗೆ ಮತ್ತೆ ನೋಡಿಸಿದರೆ ಗೊತ್ತಾಗುತ್ತದೆ. ಆದರೆ ನೋವಿಲ್ಲದೆ ರಕ್ತ ಕಂಡರೆ “ನೋವೇ ಇಲ್ಲವಲ್ಲ” ಎಂದು ಕೂರಬಾರದು. ಅಡ್ಡ ಕೂತ ಮಾಸಿನ ಲಕ್ಷಣವೇ ಅದು. ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಇನ್ನು “ಹಾಲೂಡಿಸುವವರೆಗೆ ಬಸಿರು ನಿಲ್ಲುವುದಿಲ್ಲ” ಎಂಬ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ, ಬೇಗನೆ ಎರಡನೆಯದು ನಿಲ್ಲುವುದು ಉಳಿದರ್ಧದಿಂದ. ಹಾಲೂಡಿಕೆ ಬಸಿರು ತಡೆಯಬೇಕಾದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಆ ರಕ್ಷಣೆ ನೆಚ್ಚುವಂತಿಲ್ಲ. ಮುಟ್ಟು ಬರಲಿ, ಆಮೇಲೆ ನೋಡೋಣ ಎಂದು ಕಾಯುವುದೂ ಸಲ್ಲ, ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು. ಹೆರಿಗೆಯಾದ 48 ಗಂಟೆಯೊಳಗೇ ಕಾಪರ್-ಟಿ ಹಾಕಿಸಿಕೊಳ್ಳಬಹುದು, ಅದರಿಂದ ಎದೆಹಾಲು ಕಡಿಮೆಯಾಗುವುದಿಲ್ಲ. ಲಖನೌದ ಪ್ರಯೋಗಾಲಯದಲ್ಲಿ ರೂಪುಗೊಂಡ, ಬಸಿರು ತಡೆಯುವ ‘ಛಾಯಾ’ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ.