ರೊಟ್ಟಿ ಛಲೋ ಆಗ್ಯಾವ ಅಂತ ಹೇಳಿ ನೋಡಿ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಒಂದು ಮಾತು ತಪ್ಪದೆ ಕೇಳುತ್ತದೆ: “ಪಲ್ಯೆಕ್ಕ ಉಪ್ಪು ಕಡಿಮಿ ಆಗೇದ.” ಉಪ್ಪು ಸರಿಯಾಗಿದ್ದ ದಿನ? ಯಾರೂ ಮಾತಾಡುವುದಿಲ್ಲ. ಉಂಡು, ಕೈ ತೊಳೆದು ಎದ್ದು ಹೋಗುತ್ತೇವೆ. ತಪ್ಪು ಕಂಡರೆ ನಮಗೆ ಬಾಯಿ ಬರುತ್ತದೆ, ಒಳ್ಳೆಯದು ಕಂಡರೆ ಬರುವುದಿಲ್ಲ.

ಇದರರ್ಥ ನಮ್ಮಲ್ಲಿ ಪ್ರೀತಿ ಇಲ್ಲವೆಂದಲ್ಲ. ಮನೆಯವರಿಗೆ ‘ಧನ್ಯವಾದ’ ಎನ್ನುವುದು ನಮ್ಮ ರೂಢಿಯಲ್ಲ. ಅದು ಸಭೆಯ ಕೊನೆಗೆ ವಂದನಾರ್ಪಣೆ ಮಾಡುವವರ ಮಾತು. ಹೆಂಡತಿಗೆ ಹಾಗೆಂದರೆ ಅವಳೇ ನಕ್ಕಾಳು. ಆದರೆ ನಮ್ಮ ಹಿರಿಯರಿಗೆ ಬೇರೆ ದಾರಿ ಗೊತ್ತಿತ್ತು. ಬಿಸಿಲಲ್ಲಿ ಬಂದ ಅಜ್ಜಿಗೆ ಒಂದು ತಂಬಿಗೆ ನೀರು ಕೊಟ್ಟರೆ, “ನಿನ್ನ ಹೊಟ್ಟಿ ತಣ್ಣಗಿರಲಿ, ಮಗಾ” ಎನ್ನುತ್ತಿದ್ದಳು. ಆ ಮಾತು ಕೇಳಿದ ಹುಡುಗ ಮರುದಿನ ತಾನಾಗಿಯೇ ನೀರು ತರುತ್ತಿದ್ದ.

“ಹೊಗಳಿದರ ಮಕ್ಕಳು ತಲಿ ಮ್ಯಾಲೆ ಕೂಡ್ತಾವ” ಎಂದು ನೀವು ಕೇಳಬಹುದು. ಈ ಅನುಮಾನದಲ್ಲಿ ಸ್ವಲ್ಪ ಸತ್ಯವೂ ಇದೆ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಸಂಶೋಧಕಿಯರು ಐದನೆಯ ಇಯತ್ತೆಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ‘ನೀನು ಬಹಳ ಜಾಣ’ ಎನಿಸಿಕೊಂಡ ಮಕ್ಕಳು ಕಠಿಣ ಪ್ರಶ್ನೆಗಳಲ್ಲಿ ಸೋತ ಮೇಲೆ ಮುಂದುವರಿಯಲು ಕಡಿಮೆ ಆಸಕ್ತಿ ತೋರಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎನಿಸಿಕೊಂಡವರು ಮುಂದುವರಿಯಲು ಹೆಚ್ಚು ಆಸಕ್ತಿ ತೋರಿದರು. ಅಂದರೆ ಹೊಗಳಬೇಕಾದದ್ದು ಹುಡುಗನನ್ನಲ್ಲ, ಅವನು ಮಾಡಿದ ಕೆಲಸವನ್ನು.

ದೊಡ್ಡವರಿಗೂ ಇದು ಬೇಕು. ದಂಪತಿಗಳನ್ನು ಹಲವು ದಶಕ ಗಮನಿಸಿದ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಲೆಕ್ಕ ಹೇಳುತ್ತಾರೆ. ಬಾಳಿಕೆ ಬರುವ ಸಂಸಾರದಲ್ಲಿ ವಾದ ಮಾಡುವಾಗಲೂ ಒಂದು ಕಹಿ ನಡೆಗೆ ಸುಮಾರು ಐದು ಸಿಹಿ ನಡೆಗಳಿರುತ್ತವೆ. ಒಂದು ನಗು, ಒಂದು ‘ಹೌದು’ ಕೂಡ ಈ ಐದರಲ್ಲಿ ಸೇರುತ್ತದೆ.

ಇದನ್ನು ರೂಢಿ ಮಾಡಿಕೊಳ್ಳುವುದು ಹೇಗೆ? ಹೊಸದಾಗಿ ಸಮಯ ಹುಡುಕಬೇಡಿ. ದಿನಾ ತಪ್ಪದೆ ನಡೆಯುವ ರಾತ್ರಿ ಊಟಕ್ಕೇ ಇದನ್ನು ಗಂಟು ಹಾಕಿ. ಒಬ್ಬರು ಇನ್ನೊಬ್ಬರಿಗೆ ಒಂದೇ ಮಾತು ಹೇಳಲಿ. ಆ ಮಾತಿನಲ್ಲಿ ಮಾಡಿದ ಕೆಲಸದ ಹೆಸರು ಇರಲಿ: “ನೀ ಎರಡ ಕೊಡ ನೀರ ತಂದಿ, ನನ್ನ ಸೊಂಟಕ್ಕ ಆರಾಮಾತು ನೋಡು.” ಬೆನ್ನಿಗೇ ‘ಆದರ’ ಎಂದು ಬುದ್ಧಿ ಹೇಳಬೇಡಿ. ಹೇಳಿದ್ದೆಲ್ಲ ಕೆಡುತ್ತದೆ. ಸುಳ್ಳು ಹೊಗಳಿಕೆಯೂ ಬೇಡ, ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ. ಮೊದಲ ಮಾತು ಮನೆಯ ಗಂಡಸರಿಂದ ಬರಲಿ, ಏಕೆಂದರೆ ಎಲ್ಲರಿಗಿಂತ ಕಡಿಮೆ ಹೇಳುವವರು ನಾವೇ. ದಿನವೂ ಕಣ್ಣೆದುರೇ ಇದ್ದು ಲೆಕ್ಕಕ್ಕೆ ಬಾರದ ಕೆಲಸಗಳನ್ನು ಹುಡುಕಿ: ಹಾಸಿಗೆ ಮಡಚಿಟ್ಟ ಅತ್ತೆ, ಹಿಟ್ಟು ಬೀಸಿಸಿಕೊಂಡು ಬಂದ ಮಗ, ಎಲ್ಲರೂ ಉಂಡ ಮೇಲೆ ಉಂಡ ಸೊಸೆ.

ಗಡಿಯಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಮಾತೂ ಅಡಗಿದೆ. ನಮ್ಮ ಅನೇಕ ಮಕ್ಕಳು ಶಾಲೆಯಲ್ಲಿ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಮನೆಯಲ್ಲಿ ಕಿವಿಗೆ ಬೀಳುವ ಕನ್ನಡ ಯಾವುದು? ‘ಏಳು, ನಡಿ, ಓದು, ಸುಮ್ಮನಿರು’ — ಇಷ್ಟೇ ಆದರೆ, ಕನ್ನಡವೆಂದರೆ ಬೈಗುಳದ ಭಾಷೆ ಎಂದೇ ಮಗು ತಿಳಿದೀತು. ಶಾಲೆಯಲ್ಲಿ ಬಾಯಿ ತುಂಬ ‘ಶಾಬಾಸ್’ ಸಿಕ್ಕು ಮನೆಯಲ್ಲಿ ಬೈಗುಳ ಸಿಕ್ಕರೆ ಮಗು ಯಾವ ಭಾಷೆಯತ್ತ ಒಲಿಯುತ್ತದೆ, ನೀವೇ ಯೋಚಿಸಿ. ಮಗು ತನ್ನ ಮೆಚ್ಚುಗೆಯನ್ನು ಮರಾಠಿಯಲ್ಲಿ ಹೇಳಿದರೆ ತಿದ್ದಬೇಡಿ, ಸಂತೋಷದಿಂದ ಕೇಳಿ. ನಿಮ್ಮ ಮೆಚ್ಚುಗೆ ಮಾತ್ರ ಕನ್ನಡದಲ್ಲಿರಲಿ.

ಇವತ್ತು ರಾತ್ರಿ ರೊಟ್ಟಿ ಮುರಿಯುವ ಮೊದಲು, ಬಡಿದವರ ಮುಖ ಒಮ್ಮೆ ನೋಡಿ. “ರೊಟ್ಟಿ ಭಾಳ ಮೆತ್ತಗ ಆಗ್ಯಾವ” ಎನ್ನಿ. ಮೊದಲ ದಿನ ಅವರು “ಏನಾಗೇದ ಇವತ್ತ ನಿಮಗ?” ಎಂದಾರು. ನಾಚಿಕೊಳ್ಳಬೇಡಿ, ನಾಳೆಯೂ ಹೇಳಿ.